ಗಿಫ್ಟ್ ಉಚಿತ, ದಂಪತಿ ಸಮೇತ ಬನ್ನಿ

ಮಾಲ್‌ಗಳ ಬಾಗಿಲಲ್ಲಿ, ಪೆಟ್ರೋಲ್ ಬಂಕಿನಲ್ಲಿ, ದೊಡ್ಡ ಜವಳಿ ಅಂಗಡಿಯ ಬಿಲ್ಲಿಂಗ್ ಕೌಂಟರಿನ ಪಕ್ಕದಲ್ಲಿ ಒಂದು ಪಾರದರ್ಶಕ ಡಬ್ಬಿ ಇಟ್ಟಿರುತ್ತಾರೆ. ಅದರ ಮೇಲೆ ಕಾರಿನ ಚಿತ್ರ. ಪಕ್ಕದಲ್ಲಿ ಟೈ ಕಟ್ಟಿದ ಹುಡುಗ. ‘ಸರ್, ಒಂದೇ ನಿಮಿಷ, ಲಕ್ಕಿ ಡ್ರಾ ಕೂಪನ್, ದುಡ್ಡೇನೂ ಇಲ್ಲ’ ಅನ್ನುತ್ತಾನೆ. ಹೆಸರು, ಮೊಬೈಲ್ ನಂಬರು, ವಯಸ್ಸು, ಉದ್ಯೋಗ, ಮದುವೆ ಆಗಿದೆಯೇ, ಕಾರಿದೆಯೇ, ಕ್ರೆಡಿಟ್ ಕಾರ್ಡ್ ಇದೆಯೇ. ಲಕ್ಕಿ ಡ್ರಾಗೂ ನಮ್ಮ ಕ್ರೆಡಿಟ್ ಕಾರ್ಡಿಗೂ ಏನು ಸಂಬಂಧ ಎಂದು ಆ ಗಡಿಬಿಡಿಯಲ್ಲಿ ಯಾರೂ ಕೇಳುವುದಿಲ್ಲ.

ಕೆಲವು ದಿನ ಕಳೆದ ಮೇಲೆ ಫೋನು. ‘ಕಂಗ್ರಾಜುಲೇಷನ್ಸ್ ಸರ್! ಕಾರು ಬೇರೆಯವರಿಗೆ ಹೋಯ್ತು. ಆದ್ರೆ ನಿಮಗೆ ಮೂರು ರಾತ್ರಿ ನಾಲ್ಕು ಹಗಲಿನ ಹಾಲಿಡೇ ವೋಚರ್ ಬಂದಿದೆ, ಜೊತೆಗೊಂದು ಶ್ಯೂರ್ ಗಿಫ್ಟ್. ಭಾನುವಾರ ಸಂಜೆ ನಾಲ್ಕಕ್ಕೆ ಹೋಟೆಲಿಗೆ ಬಂದು ಕಲೆಕ್ಟ್ ಮಾಡ್ಕೊಳಿ. ಮೇಡಂ ಅವರನ್ನೂ ಕರ್ಕೊಂಡು ಬರಬೇಕು ಸರ್, ಕಂಪಲ್ಸರಿ.’

ಹೋದರೆ ನಷ್ಟವೇನು? ಏನೂ ಕೊಳ್ಳದೆ, ಒಂದೂವರೆ ಗಂಟೆ ತಲೆಯಾಡಿಸಿ, ಗಿಫ್ಟ್ ಇಸಕೊಂಡು ಬಂದರಾಯಿತಲ್ಲ? ಪರಿಚಿತರು ಆಗಾಗ ಕೇಳುವ ಪ್ರಶ್ನೆ ಇದು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜಾಯಮಾನ ನಮ್ಮದು, ಪ್ರಶ್ನೆ ಸಹಜವೇ. ನಾನು ಹೇಳುವುದಿಷ್ಟು: ಗಿಫ್ಟಿನ ಬೆಲೆ ಎಷ್ಟು ಎಂದು ನೋಡುವ ಮೊದಲು ಅದರ ಷರತ್ತುಗಳನ್ನು ನೋಡಿ. ಇಡೀ ವ್ಯವಹಾರ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಅದಕ್ಕೂ ಮುಂಚೆ, ಅಲ್ಲಿ ಮಾರುವುದೇನು ಎಂಬುದು ಸ್ವಲ್ಪ. ರೆಸಾರ್ಟಿನ ಕೋಣೆಯನ್ನು ವರ್ಷಕ್ಕೆ ಒಂದು ವಾರದ ಲೆಕ್ಕದಲ್ಲಿ, ಹತ್ತೋ ಇಪ್ಪತ್ತೈದೋ ವರ್ಷಕ್ಕೆ ಮುಂಗಡವಾಗಿ ಕೊಳ್ಳುವುದೇ ಟೈಮ್‌ಶೇರ್. ನಮ್ಮಲ್ಲಿ ಹಾಲಿಡೇ ಮೆಂಬರ್‌ಶಿಪ್, ವೆಕೇಷನ್ ಕ್ಲಬ್ ಎಂದೆಲ್ಲ ಹೆಸರಿಟ್ಟಿದ್ದಾರೆ. 1960ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿದ ಪದ್ಧತಿ ಇದು; ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಸಂಸ್ಥೆ 1963ರಲ್ಲೇ ಶುರುವಾಗಿತ್ತು. ಒಂದೇ ಊರಿಗೆ ಹೋಗಿ ಹೋಗಿ ಬೇಸರವಾದವರು ತಮ್ಮ ವಾರವನ್ನು ಇನ್ನೊಬ್ಬರ ವಾರದೊಂದಿಗೆ ಅದಲುಬದಲು ಮಾಡಿಕೊಳ್ಳಲಿ ಎಂದು ಅಮೆರಿಕದಲ್ಲಿ 1974ರಲ್ಲಿ ಆರ್‌ಸಿಐ ಎಂಬ ವಿನಿಮಯ ಸಂಸ್ಥೆ ಬಂತು. ಭಾರತದಲ್ಲಿ 1986ರಲ್ಲಿ ಸ್ಟರ್ಲಿಂಗ್, 1996ರಲ್ಲಿ ಮಹೀಂದ್ರಾ ಈ ವ್ಯಾಪಾರಕ್ಕೆ ಇಳಿದವು. ಕಲ್ಪನೆಯಲ್ಲಿ ಮೋಸವಿಲ್ಲ. ಶಾಲೆಯ ರಜೆಪಟ್ಟಿ ಬಂದ ದಿನವೇ ಕೂತು ಬುಕ್ ಮಾಡುವ, ವರ್ಷಕ್ಕೊಂದು ವಾರ ತಪ್ಪದೆ ಊರು ಬಿಡುವ ಶಿಸ್ತಿನ ಕುಟುಂಬಗಳು ಇದನ್ನು ಚೆನ್ನಾಗಿಯೇ ಬಳಸಿಕೊಳ್ಳುತ್ತವೆ.

ಕಷ್ಟ ಇರುವುದು ಮಾರಾಟದಲ್ಲಿ. ಫ್ರಿಜ್ಜು ಕೆಟ್ಟರೆ ನಾವಾಗಿಯೇ ಅಂಗಡಿಗೆ ಹೋಗುತ್ತೇವೆ. ಬೆಳಗ್ಗೆ ಎದ್ದು ‘ಇವತ್ತು ಇಪ್ಪತ್ತೈದು ವರ್ಷದ ರಜೆ ಕೊಂಡು ತರೋಣ’ ಎಂದು ಹೊರಟವರನ್ನು ನಾನಂತೂ ಕಂಡಿಲ್ಲ. ಬೇಕು ಅಂತ ಯಾರಿಗೂ ಅನ್ನಿಸಿರದ ಸರಕನ್ನು ಲಕ್ಷಗಟ್ಟಲೆ ಬೆಲೆಗೆ ಮಾರಬೇಕಾದರೆ ಮೊದಲು ಗಿರಾಕಿಯನ್ನು ಕುರ್ಚಿಯ ಮೇಲೆ ಕೂರಿಸಬೇಕು. ಗಿಫ್ಟ್ ಇರುವುದು ಅಷ್ಟಕ್ಕೇ, ಕುರ್ಚಿಯವರೆಗೆ ಕರೆತರುವುದಕ್ಕೆ.

ಈಗ ಷರತ್ತುಗಳಿಗೆ ಬನ್ನಿ. ಗಂಡ ಹೆಂಡತಿ ಇಬ್ಬರೂ ಬರಬೇಕು. ಒಬ್ಬರೇ ಹೋದರೆ ಎಷ್ಟೇ ವಾದಿಸಿದರೂ ಗಿಫ್ಟ್ ಕೊಡುವುದಿಲ್ಲ. ಏಕೆ? ನಮ್ಮ ಕಡೆಯ ಗಿರಾಕಿಯ ಬಳಿ ಇರುವ ಅತಿ ದೊಡ್ಡ ಗುರಾಣಿ ‘ಮನೇಲಿ ಕೇಳಿ ಹೇಳ್ತೀನಿ’ ಎನ್ನುವ ಮಾತು. ಸೀರೆ ಅಂಗಡಿಯಿಂದ ಸೈಟು ಮಾರುವವರ ತನಕ ಎಲ್ಲರೂ ಆ ಮಾತಿಗೆ ಸೋತವರೇ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿಬಿಟ್ಟರೆ ಕೇಳಲಿಕ್ಕೆ ಮನೆಯಲ್ಲಿ ಉಳಿದವರು ಯಾರು? ಕ್ರೆಡಿಟ್ ಕಾರ್ಡ್ ಜೊತೆಗೆ ತರಬೇಕು, ‘ವೆರಿಫಿಕೇಶನ್‌ಗೆ’. ‘ಸದ್ಯ ಕೈಲಿ ದುಡ್ಡಿಲ್ಲ’ ಎಂಬ ಎರಡನೆಯ ಗುರಾಣಿ ಅಲ್ಲಿಗೆ ಹೋಯಿತು. ವಯಸ್ಸು, ಸಂಬಳ ಇಂತಿಷ್ಟಿರಬೇಕು; ‘ನಮಗೆ ಕಟ್ಟುವ ಶಕ್ತಿಯಿಲ್ಲ’ ಎನ್ನುವ ಹಾಗಿಲ್ಲ, ಫಾರಂನಲ್ಲಿ ನೀವೇ ಬರೆದುಕೊಟ್ಟಿದ್ದೀರಿ. ಇನ್ನು ‘ಯೋಚನೆ ಮಾಡ್ತೀವಿ’ ಎನ್ನಲು ಹೋದರೆ, ಈ ಬೆಲೆ ಇವತ್ತು ಸಂಜೆಗೆ ಮಾತ್ರ. ಅಂದರೆ ಗಿಫ್ಟಿನ ಒಂದೊಂದು ಷರತ್ತೂ ನಾವು ‘ಬೇಡ’ ಎನ್ನಲು ಬಳಸುವ ಒಂದೊಂದು ಮಾತನ್ನು ಮೊದಲೇ ಕಿತ್ತುಕೊಂಡಿರುತ್ತದೆ. ನಿಜವಾಗಿ ಬಹುಮಾನ ಕೊಡುವವರಿಗೆ ಗೆದ್ದವನ ಹೆಂಡತಿ ಏಕೆ ಬೇಕು ಹೇಳಿ.

ಹಾಲ್ ಒಳಗಿನದು ಒಂದು ಪದ್ಧತಿಬದ್ಧ ಲೋಕ. ಚಿಕ್ಕ ಚಿಕ್ಕ ದುಂಡುಮೇಜು, ಒಂದೊಂದಕ್ಕೂ ಒಂದೊಂದು ದಂಪತಿ. ಪಕ್ಕದ ಮೇಜಿನ ಮಾತು ಕಿವಿಗೆ ಬೀಳದಷ್ಟು ಜೋರಾಗಿ ಹಾಡು. ಮಕ್ಕಳಿದ್ದರೆ ಅವರಿಗೆ ಮೂಲೆಯಲ್ಲಿ ಬಣ್ಣದ ಪೆನ್ಸಿಲು, ಚಿಪ್ಸು. ನಿಮಗೆ ಆರೆಂಜ್ ಜ್ಯೂಸ್. ಎದುರು ಕೂತ ಹುಡುಗಿ ಮೊದಲ ಇಪ್ಪತ್ತು ನಿಮಿಷ ರೆಸಾರ್ಟಿನ ಸುದ್ದಿಯನ್ನೇ ಎತ್ತುವುದಿಲ್ಲ. ನಿಮ್ಮ ಊರು, ಕೆಲಸ, ಮಕ್ಕಳ ಶಾಲೆ. ಆಮೇಲೆ ಮೆಲ್ಲಗೆ: ‘ಹೋದ ವರ್ಷ ಫ್ಯಾಮಿಲಿ ಜೊತೆ ಎಲ್ಲಿಗೆ ಹೋಗಿದ್ರಿ ಸರ್?’ ನೀವು ಎಲ್ಲಿಗೂ ಹೋಗಿರುವುದಿಲ್ಲ. ಆಗ ಮೇಡಂ ಕಡೆ ತಿರುಗಿ, ‘ಮೇಡಂ, ನಿಮಗೆ ಎಲ್ಲಿಗೆ ಹೋಗ್ಬೇಕು ಅಂತ ಆಸೆ ಇದೆ?’ ಮದುವೆಯಾದ ಹೊಸತರಲ್ಲಿ ಹೇಳಿ ಬಿಟ್ಟಿದ್ದ ಊಟಿಯೋ ಕಾಶ್ಮೀರವೋ ಪರಕೀಯರ ಎದುರು ಮತ್ತೆ ಹೊರಬರುತ್ತದೆ. ಇನ್ನು ಗಂಡಸು ಬೇಡ ಅಂದರೆ ಅವನು ಸ್ಕೀಮನ್ನಲ್ಲ, ಹೆಂಡತಿಯ ಆಸೆಯನ್ನು ಬೇಡ ಅಂದಂತೆ.

ಆ ಬಳಿಕ ಬಿಳಿ ಹಾಳೆ, ಪೆನ್ನು. ಒಂದು ಟ್ರಿಪ್ಪಿಗೆ ಐವತ್ತು ಸಾವಿರ, ವರ್ಷಕ್ಕೊಂದು, ಇಪ್ಪತ್ತೈದು ವರ್ಷ, ಬೆಲೆ ಏರಿಕೆ ಸೇರಿಸಿ. ಹಾಳೆಯ ಕೆಳಗೆ ದೊಡ್ಡದೊಂದು ಅಂಕಿ ನಿಲ್ಲುತ್ತದೆ. ಅದರ ಪಕ್ಕದಲ್ಲಿ ಆರು ಲಕ್ಷ ಎಂದು ಬರೆದಾಗ ಅದು ಚಿಲ್ಲರೆ ಕಾಸಿನಂತೆ ಕಾಣುತ್ತದೆ. ಒಪ್ಪದಿದ್ದರೆ ಮ್ಯಾನೇಜರ್ ಬರುತ್ತಾರೆ, ಆರು ನಾಲ್ಕಾಗುತ್ತದೆ. ಅವರಿಗಿಂತ ದೊಡ್ಡವರು ಬರುತ್ತಾರೆ. ಯಾರೋ ಕ್ಯಾನ್ಸಲ್ ಮಾಡಿದ ಮೆಂಬರ್‌ಶಿಪ್ ಒಂದಿದೆಯಂತೆ, ಎರಡೂವರೆಗೆ. ನಡುವೆ ಎಲ್ಲಿಂದಲೋ ಚಪ್ಪಾಳೆ, ಮೈಕಿನಲ್ಲಿ ‘ವೆಲ್‌ಕಮ್ ಟು ದ ಫ್ಯಾಮಿಲಿ’ ಎಂದು ಯಾರದೋ ಹೆಸರು. ಒಂದೂವರೆ ಗಂಟೆ ಅಂದದ್ದು ಮೂರು ಗಂಟೆ ದಾಟಿರುತ್ತದೆ. ಮಗು ನಿದ್ದೆಗೆ ಜಾರಿರುತ್ತದೆ, ಗಿಫ್ಟ್ ಇನ್ನೂ ಕೈಗೆ ಬಂದಿರುವುದಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ: ಲೆಕ್ಕ ಬರೆದ ಆ ಹಾಳೆಯನ್ನು ಮನೆಗೆ ಒಯ್ಯುತ್ತೇನೆ ಅನ್ನಿ. ಕೊಟ್ಟರೆ ನನಗೆ ಆಶ್ಚರ್ಯ.

ಹಾಗಂತ ಆ ಹುಡುಗ ಹುಡುಗಿಯರ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಡಿಗ್ರಿ ಮುಗಿಸಿ ಊರಿಂದ ಬಂದವರು, ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್, ಮುಟ್ಟದಿದ್ದರೆ ಬೈಗುಳ. ಅವರ ವಿನಯವೂ ತರಬೇತಿಯೇ, ಅದು ಬೇರೆ ಮಾತು.

ಜ್ಯೂಸಿಗೂ ಗಿಫ್ಟಿಗೂ ಇಷ್ಟೊಂದು ಶಕ್ತಿ ಇದೆಯೇ ಎನ್ನುವವರಿಗೆ ಒಂದು ಹಳೆಯ ಪ್ರಯೋಗ ಹೇಳಬೇಕು. ಅಮೆರಿಕದ ಮನಃಶಾಸ್ತ್ರಜ್ಞ ಡೆನಿಸ್ ರೀಗನ್ 1971ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳ ಜೊತೆ ಕೂತ ಒಬ್ಬಾತ ಹೊರಗೆ ಹೋಗಿ ಬರುವಾಗ ಕೆಲವರಿಗೆ ಕೇಳದೆಯೇ ಒಂದು ಕೋಕಾಕೋಲ ತಂದುಕೊಡುತ್ತಿದ್ದ, ಕೆಲವರಿಗೆ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ನನ್ನಲ್ಲಿ ಲಾಟರಿ ಟಿಕೆಟ್ ಇದೆ, ಕೊಳ್ಳುತ್ತೀರಾ ಎನ್ನುತ್ತಿದ್ದ. ಕೋಕ್ ಕುಡಿದವರು ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಟಿಕೆಟ್ ಕೊಂಡರು. ಆತ ಅವರಿಗೆ ಇಷ್ಟವಾಗಿದ್ದನೋ ಇಲ್ಲವೋ ಎಂಬುದೂ ಲೆಕ್ಕಕ್ಕೆ ಬರಲಿಲ್ಲ. ಅಮೆರಿಕದವರ ಗತಿಯೇ ಹೀಗಾದರೆ ನೆಂಟರ ಮನೆಯಲ್ಲಿ ಕಾಫಿ ಕುಡಿದ ಋಣಕ್ಕೆ ಚೀಟಿ ಸೇರುವ ನಮ್ಮ ಕಥೆ ಹೇಳುವುದೇ ಬೇಡ. ನಮ್ಮನ್ನು ಕೆಡಿಸುವುದು ಹಲವು ಸಲ ದುರಾಸೆಗಿಂತ ಹೆಚ್ಚಾಗಿ ದಾಕ್ಷಿಣ್ಯ.

ಸರಿ, ದಾಕ್ಷಿಣ್ಯ ಬಿಟ್ಟವರು, ಕಲ್ಲುಮನಸ್ಸಿನವರು ಹೋಗಬಹುದೇ? ಅವರಿಗಾದರೂ ಗಿಫ್ಟ್ ಲಾಭವೇ? ವೋಚರನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಪ್ರಯಾಣದ ಖರ್ಚು ನಿಮ್ಮದು. ಶನಿವಾರ ಭಾನುವಾರ, ಹಬ್ಬ, ಶಾಲೆ ರಜೆ ಬಿಟ್ಟು ಉಳಿದ ದಿನ. ಒಂದೂವರೆ ತಿಂಗಳು ಮುಂಚೆ ಮೂರು ಊರು, ಮೂರು ತಾರೀಕು ಬರೆದು ಕಳಿಸಬೇಕು; ಯಾವುದು ಸಿಗುತ್ತದೆ ಎಂಬುದು ಅವರ ಇಷ್ಟ. ಊಟ ಅಲ್ಲೇ ಮಾಡಬೇಕು, ಇಲ್ಲವೇ ‘ಯುಟಿಲಿಟಿ ಚಾರ್ಜ್’ ಎಂದು ತಲೆಗೆ ದಿನಕ್ಕಿಷ್ಟು ಕಟ್ಟಬೇಕು, ಮೇಲೆ ತೆರಿಗೆ. ತಲೆಗೆ ಸಾವಿರ ರೂಪಾಯಿ ಎಂದುಕೊಂಡರೂ ನಾಲ್ವರ ಕುಟುಂಬಕ್ಕೆ ಮೂರು ರಾತ್ರಿಗೆ ಹನ್ನೆರಡು ಸಾವಿರವಾಯಿತು. ಆ ದುಡ್ಡಿಗೆ ಮಳೆಗಾಲದ ಮಂಗಳವಾರ ಮಡಿಕೇರಿಯಲ್ಲಿ ಯಾವ ಲಕ್ಕಿ ಡ್ರಾ ಇಲ್ಲದೆಯೇ ಒಳ್ಳೆಯ ಕೋಣೆ ಸಿಗುತ್ತದೆ. ವೋಚರಿನ ಅವಧಿಯೋ ಆರು ತಿಂಗಳು, ಹೆಚ್ಚೆಂದರೆ ವರ್ಷ. ಬಹುತೇಕ ವೋಚರುಗಳು ಷೋಕೇಸಿನ ಡ್ರಾಯರಿನಲ್ಲೇ ಮುಕ್ತಿ ಕಾಣುತ್ತವೆ. ‘ಶ್ಯೂರ್ ಗಿಫ್ಟ್’ ಎಂದರೆ ಕ್ಯಾಸರೋಲ್, ಗೋಡೆ ಗಡಿಯಾರ, ಟ್ರಾವೆಲ್ ಬ್ಯಾಗು. ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಭಾನುವಾರ ಸಂಜೆ ಹೋಗಿ ಬರುವ ಕ್ಯಾಬ್ ಬಾಡಿಗೆ ಅದಕ್ಕಿಂತ ಜಾಸ್ತಿ. ಗಾಳದ ತುದಿಯ ಎರೆಹುಳುವಿನಿಂದ ಮೀನಿನ ಹೊಟ್ಟೆ ತುಂಬುವುದಿಲ್ಲ.

ಅಮೆರಿಕದ ಸಂಗತಿ ಸ್ವಲ್ಪ ಬೇರೆ. ಫ್ಲಾರಿಡಾದ ಒರ್ಲಾಂಡೊದಲ್ಲಿ, ಲಾಸ್ ವೇಗಸ್ಸಿನಲ್ಲಿ ಇಂಥ ಸಭೆಗೆ ಕೂತವರಿಗೆ ಥೀಮ್ ಪಾರ್ಕಿನ ಟಿಕೆಟ್ಟು, ಅಗ್ಗದ ಹೋಟೆಲ್ ಕೋಣೆ, ಗಿಫ್ಟ್ ಕಾರ್ಡು ನಿಜವಾಗಿಯೂ ಸಿಗುತ್ತದೆ. ಅದನ್ನೇ ಕಸುಬು ಮಾಡಿಕೊಂಡು, ಎರಡು ಗಂಟೆ ‘ನೋ’ ಎನ್ನುತ್ತ ಕೂತು ನೂರಿನ್ನೂರು ಡಾಲರ್ ಉಳಿಸುವವರು ಅಲ್ಲಿದ್ದಾರೆ; ನಮ್ಮ ಕಡೆಯಿಂದ ಹೋದ ಸಾಫ್ಟ್‌ವೇರ್ ಕುಟುಂಬಗಳಲ್ಲೂ ಈ ಚಾಕಚಕ್ಯತೆಯವರು ಉಂಟು. ಅಲ್ಲಿ ಕಾನೂನಿನ ಬೆಂಬಲವೂ ಇದೆ. ಗಿಫ್ಟಿನ ಆಮಿಷದ ಹಿಂದೆ ಟೈಮ್‌ಶೇರ್ ಮಾರಾಟದ ಉದ್ದೇಶವಿದೆ ಎಂದು ಕಂಪನಿ ಮೊದಲೇ ಹೇಳಬೇಕು ಎನ್ನುತ್ತದೆ ಫ್ಲಾರಿಡಾದ ಕಾಯ್ದೆ. ಸಹಿ ಹಾಕಿದ ಮೇಲೂ ಹತ್ತು ದಿನದೊಳಗೆ ಮನಸ್ಸು ಬದಲಿಸಿದರೆ ಹಣ ವಾಪಸ್. ಯುರೋಪಿಯನ್ ಒಕ್ಕೂಟದ 2008ರ ನಿಯಮ ಇನ್ನೂ ಬಿಗಿ: ಹದಿನಾಲ್ಕು ದಿನ ಕಾಲಾವಕಾಶ, ಆ ಅವಧಿಯಲ್ಲಿ ಗ್ರಾಹಕನಿಂದ ಒಂದು ಪೈಸೆ ಮುಂಗಡವನ್ನೂ ಮುಟ್ಟುವಂತಿಲ್ಲ.

ನಮ್ಮಲ್ಲಿ ಟೈಮ್‌ಶೇರಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಕೆಲವು ದೊಡ್ಡ ಕಂಪನಿಗಳು ತಾವಾಗಿಯೇ ಕೆಲವು ದಿನಗಳ ವಾಪಸಾತಿ ಅವಕಾಶ ಕೊಡುತ್ತವೆ. ಒಪ್ಪಂದದಲ್ಲಿ ಅದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಒರ್ಲಾಂಡೊದ ಜಾಣತನವನ್ನು ಬೆಂಗಳೂರಿನ ಬ್ಯಾಂಕ್ವೆಟ್ ಹಾಲಿನಲ್ಲಿ ಪ್ರಯೋಗಿಸಲು ಹೋಗಬೇಡಿ. ಅಲ್ಲಿ ಎಡವಿದವನಿಗೆ ಎದ್ದು ನಿಲ್ಲಲು ಹತ್ತು ದಿನವಿದೆ. ಇಲ್ಲಿ ಕಾರ್ಡ್ ಉಜ್ಜಿದ ಮರುಗಳಿಗೆಗೆ ‘ನಾನ್ ರಿಫಂಡಬಲ್’.

ಗಿಫ್ಟಿನ ಬೆನ್ನಿಗಿರುವ ಸರಕು ನಿಜಕ್ಕೂ ಎಷ್ಟಕ್ಕೆ ಬೀಳುತ್ತದೆ ಎಂದು ಒಮ್ಮೆ ಕೂತು ಲೆಕ್ಕ ಹಾಕೋಣ. ಉದಾಹರಣೆಗೆ ಮೂರು ಲಕ್ಷದ ಸದಸ್ಯತ್ವ, ವರ್ಷಕ್ಕೆ ಏಳು ರಾತ್ರಿ, ಇಪ್ಪತ್ತೈದು ವರ್ಷ. ಹಾಲಿನಲ್ಲಿ ಹೇಳುವ ಲೆಕ್ಕ: 175 ರಾತ್ರಿಗೆ ಮೂರು ಲಕ್ಷ, ರಾತ್ರಿಗೆ 1,714 ರೂಪಾಯಿ. ಯಾರಿಗುಂಟು ಯಾರಿಗಿಲ್ಲ! ಆದರೆ ವಾರ್ಷಿಕ ನಿರ್ವಹಣಾ ಶುಲ್ಕ ಎಂಬುದೊಂದಿದೆ. ನೀವು ಹೋಗಲಿ ಬಿಡಲಿ, ಕಟ್ಟಲೇಬೇಕು. ಅದು ಹದಿನೈದು ಸಾವಿರ, ಶೇ 18 ಜಿಎಸ್‌ಟಿ ಸೇರಿ 17,700 ಎನ್ನಿ. ಮೂರು ಲಕ್ಷವನ್ನು ಶೇ 7ರ ಠೇವಣಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ 21,000 ಬಡ್ಡಿ ಬರುತ್ತಿತ್ತು, ಅದು ಹೋಯಿತು. ಎರಡೂ ಸೇರಿ 38,700. ಏಳರಿಂದ ಭಾಗಿಸಿದರೆ ರಾತ್ರಿಗೆ ಐದೂವರೆ ಸಾವಿರ, ಅದೂ ಮೊದಲನೆಯ ವರ್ಷಕ್ಕೆ. ಊಟ, ಬಸ್ಸು, ರೈಲು ಬೇರೆ. ನಿರ್ವಹಣಾ ಶುಲ್ಕ ವರ್ಷಕ್ಕೆ ಶೇ 6ರಂತೆ ಏರಿದರೆ ಇಪ್ಪತ್ತೈದು ವರ್ಷದಲ್ಲಿ ತೆರಿಗೆ ಬಿಟ್ಟು ಅದೊಂದೇ ಎಂಟು ಲಕ್ಷ ದಾಟುತ್ತದೆ. ಹಾಲಿನ ಬಿಳಿ ಹಾಳೆಯಲ್ಲಿ ಹೋಟೆಲ್ ಬಾಡಿಗೆಗೆ ಬೆಲೆ ಏರಿಕೆ ಹಾಕಿದ್ದರು, ನೆನಪಿದೆಯೇ? ತಮ್ಮ ಶುಲ್ಕಕ್ಕೆ ಹಾಕಿರಲಿಲ್ಲ.

ಜೊತೆಗೆ ಬಣ್ಣಗಳ ಆಟ. ಸೀಸನ್ನುಗಳಿಗೆ ಕೆಂಪು, ಬಿಳಿ, ನೀಲಿ ಎಂದು ಹೆಸರು. ಅಗ್ಗಕ್ಕೆ ಸಿಗುವುದು ಬಹುಮಟ್ಟಿಗೆ ಗಿರಾಕಿ ಕಡಿಮೆಯಿರುವ ಸೀಸನ್. ದಸರಾ ರಜೆಗೆ, ಏಪ್ರಿಲ್ ಮೇಗೆ ಬುಕ್ ಮಾಡಲು ಹೋದರೆ ‘ನಿಮ್ಮದು ಆ ಬಣ್ಣವಲ್ಲ’ ಎನ್ನುತ್ತಾರೆ. ಬಣ್ಣ ಬದಲಿಸಲು ಇನ್ನೊಂದಷ್ಟು ಲಕ್ಷ.

‘ಬೇಡವಾದರೆ ಮಾರಬಹುದು ಸರ್, ಇನ್ವೆಸ್ಟ್‌ಮೆಂಟ್ ಇದ್ದ ಹಾಗೆ’ ಎಂಬ ಮಾತನ್ನು ಕೇಳಿದ ಕೂಡಲೇ ಕುರ್ಚಿ ಹಿಂದಕ್ಕೆ ಸರಿಸಿ. ಅಮೆರಿಕದಲ್ಲೇ ಹಳೆಯ ಟೈಮ್‌ಶೇರ್ ವಾರಗಳು ಇಬೇ ತಾಣದಲ್ಲಿ ಒಂದು ಡಾಲರಿಗೆ ಮಾರಾಟಕ್ಕೆ ಬಿದ್ದಿರುತ್ತವೆ, ನಿರ್ವಹಣಾ ಶುಲ್ಕದ ಹೊರೆ ಇಳಿದರೆ ಸಾಕೆಂದು. ನಮ್ಮಲ್ಲಿ ಕೋಣೆ ಬಳಸದಿದ್ದರೆ ಕೊನೆಗೆ ದುಡ್ಡು ಲಾಭ ಸಮೇತ ವಾಪಸ್ ಎಂದು ನಂಬಿಸಿದ ಕಂಪನಿಗಳೂ ಬಂದು ಹೋದವು. ಮುಂಬೈನ ಪ್ಯಾನ್‌ಕಾರ್ಡ್ ಕ್ಲಬ್ಸ್ ಹಾಗೆ 51 ಲಕ್ಷಕ್ಕೂ ಹೆಚ್ಚು ಜನರಿಂದ ಏಳು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಸಂಗ್ರಹಿಸಿತ್ತು. ಇದು ನೋಂದಣಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ, ಹಣ ಮರಳಿಸಿ ಎಂದು ಸೆಬಿ 2016ರಲ್ಲಿ ಆದೇಶಿಸಿತು. ಆದೇಶ ಬಂದಷ್ಟು ಸಲೀಸಾಗಿ ಹಣ ಬರಲಿಲ್ಲ. ಇನ್ನೊಂದು ಎಚ್ಚರಿಕೆ: ‘ನಿಮ್ಮ ಹಳೆಯ ಮೆಂಬರ್‌ಶಿಪ್ ನಾವು ಮಾರಿಕೊಡುತ್ತೇವೆ, ಮೊದಲು ಪ್ರೊಸೆಸಿಂಗ್ ಫೀ ಹಾಕಿ’ ಎನ್ನುವ ಕರೆ ಬಂದರೆ ಅದು ಎರಡನೆಯ ಟೋಪಿ. ಮೆಕ್ಸಿಕೋದ ಮಾದಕವಸ್ತು ಮಾಫಿಯಾ ಇದೇ ಉಪಾಯದಿಂದ ಅಮೆರಿಕದ ವೃದ್ಧರನ್ನು ಸುಲಿಯುತ್ತಿದೆ ಎಂದು ಅಲ್ಲಿನ ಸರ್ಕಾರ 2023ರಲ್ಲಿ ನಿರ್ಬಂಧಗಳನ್ನೇ ಹೇರಬೇಕಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ತೀರ್ಪು. ವೋಚರ್, ಕೂಪನ್, ಡಿಸ್ಕೌಂಟ್ ಕಾರ್ಡ್ ಇಂಥ ಕಾಗದದ ಗಿಫ್ಟಿಗಾಗಿ ಹೋಗಬೇಡಿ, ಅದಕ್ಕೆ ನಿಮ್ಮ ಭಾನುವಾರದ ಬೆಲೆಯೂ ಇಲ್ಲ. ಪಡೆಯಲು ಮೊದಲು ಐನೂರೋ ಸಾವಿರವೋ ಕಟ್ಟಿ, ತೆರಿಗೆ ತುಂಬಿ ಎಂದರೆ ಅದು ಗಿಫ್ಟೇ ಅಲ್ಲ, ವಂಚನೆ, ಫೋನ್ ಇಡಿ. ಮೆಂಬರ್‌ಶಿಪ್ ನಿಜವಾಗಿಯೂ ಬೇಕೆನ್ನಿಸಿದರೆ ಗಿಫ್ಟಿಲ್ಲದೆ, ಕೆಲಸದ ದಿನ, ಕಂಪನಿಯ ಕಚೇರಿಗೆ ಒಬ್ಬರೇ ಹೋಗಿ ಒಪ್ಪಂದದ ಪ್ರತಿ ತನ್ನಿ. ಮನೆಯಲ್ಲಿ ಓದಿ. ‘ಪ್ರತಿನಿಧಿಗಳ ಬಾಯಿಮಾತಿನ ಭರವಸೆಗೆ ಕಂಪನಿ ಬದ್ಧವಲ್ಲ’ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಆ ಸಾಲಿನ ಮೇಲೆ ಬೆರಳಿಟ್ಟು ಹಾಲಿನಲ್ಲಿ ಕೇಳಿದ್ದನ್ನೆಲ್ಲ ನೆನಪು ಮಾಡಿಕೊಳ್ಳಿ. ಹಾಗೂ ಗಿಫ್ಟಿನ ಚಪಲ ತಡೆಯದೆ ಹೋಗುವವರು ಕಾರ್ಡು, ಚೆಕ್‌ಬುಕ್ಕು ಮನೆಯಲ್ಲಿ ಬಿಟ್ಟು, ಫೋನಿನ ಯುಪಿಐ ಮಿತಿ ಇಳಿಸಿ ಹೋಗಿ. ಹೊರಡುವ ಮುಂಚೆಯೇ ಗಂಡ ಹೆಂಡತಿ ಮಾತಾಡಿಕೊಳ್ಳಿ: ಇವತ್ತು ಏನೇ ಆದರೂ ಸಹಿ ಇಲ್ಲ. ಕಾರಣ ಹೇಳಲೂ ಹೋಗಬೇಡಿ. ಕಾರಣ ಕೊಟ್ಟರೆ ಅದಕ್ಕೊಂದು ಉತ್ತರ ಅವರ ಬಳಿ ಸಿದ್ಧವಿರುತ್ತದೆ, ಬರೀ ‘ಬೇಡ’ ಎಂಬುದಕ್ಕೆ ಇರುವುದಿಲ್ಲ.

ಈಗಾಗಲೇ ಸಹಿ ಹಾಕಿ ಬಂದವರಿಗೆ ಎರಡು ಮಾತು. ನಾಚಿಕೊಂಡು ಸುಮ್ಮನೆ ಕೂರಬೇಡಿ. ಓದಿದವರು, ಬ್ಯಾಂಕಿನವರು, ವಕೀಲರೂ ಅಲ್ಲಿ ಸಹಿ ಹಾಕಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಡುವ ಉದ್ದೇಶವಿಲ್ಲದೆ ಉಡುಗೊರೆಯ ಆಮಿಷ ಒಡ್ಡುವುದು, ವ್ಯವಹಾರದ ಮೊತ್ತದಲ್ಲೇ ಬೆಲೆ ಸೇರಿಸಿಕೊಂಡು ಪುಕ್ಕಟೆ ಎಂದು ನಂಬಿಸುವುದು ಎರಡೂ ಅನುಚಿತ ವ್ಯಾಪಾರ ಪದ್ಧತಿ. ಇಂಥ ಪ್ರಕರಣಗಳಲ್ಲಿ ಹಣ ವಾಪಸ್ ಕೊಡಿಸಿದ ಗ್ರಾಹಕ ಆಯೋಗಗಳ ಆದೇಶ ಎಷ್ಟೋ ಇವೆ. ದೂರನ್ನು ನೀವಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಕಟ್ಟಿದ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವಿಲ್ಲ, ಗಡುವು ಎರಡು ವರ್ಷ. ವ್ಯಾಜ್ಯವಾದರೆ ಮಧ್ಯಸ್ಥಗಾರರ ಬಳಿಯೇ ಹೋಗಬೇಕು ಎಂದು ಒಪ್ಪಂದದಲ್ಲಿ ಬರೆದಿದ್ದರೂ ಅದು ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಆದರೆ ಮೊದಲ ಕೆಲಸ ಇವತ್ತೇ ಆಗಬೇಕು: ಸದಸ್ಯತ್ವ ರದ್ದು ಮಾಡಿ, ಹಣ ಹಿಂದಿರುಗಿಸಿ ಎಂದು ಕಂಪನಿಗೆ ಇಮೇಲ್, ಅದರ ಬೆನ್ನಿಗೇ ಸ್ಪೀಡ್ ಪೋಸ್ಟು. ಫೋನಿನಲ್ಲಿ ‘ನೋಡ್ತೀವಿ ಸರ್’ ಅಂದದ್ದನ್ನು ಉತ್ತರವೆಂದು ನಂಬಬೇಡಿ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿಗೂ ಲಿಖಿತ ತಕರಾರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಕನ್ನಡದಲ್ಲೂ ಮಾತಾಡಬಹುದು.